ಬೆತ್ತಲೆ ತಗಡು

ಪಕ್ಕದ ಮನೆಯವನ ಮೇಲೆ ಹೊಟ್ಟೆಕಿಚ್ಚು ಬಂದರೆ ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗಬಹುದು. ಹೆಂಡತಿಯ ಮೇಲೇ ಬಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಬೆಳ್ಳೂರು ಕ್ರಾಸಿನ ಲೋಕೇಶನಿಗೆ ಆ ಮಳೆಗಾಲದಲ್ಲಿ ಬಂದ ಕಷ್ಟ ಇದು.

ಕ್ರಾಸಿನಿಂದ ನಾಗಮಂಗಲದ ರಸ್ತೆಗೆ ತಿರುಗಿದರೆ ಒಂದು ಪಂಚರ್ ಅಂಗಡಿ, ಅದರ ಪಕ್ಕದಲ್ಲಿ ಚಿಕ್ಕಸ್ವಾಮಿಯ ಪೇಂಟಿಂಗ್ ಶೆಡ್ಡು, ಶೆಡ್ಡಿನ ಹಿಂದೆಯೇ ಮನೆ. ಚಿಕ್ಕಸ್ವಾಮಿ ಹೊಣಕೆರೆ ಕಡೆಯ ಒಕ್ಕಲು ಮನೆಯವನು. ಹೊಲವನ್ನು ಅಣ್ಣನಿಗೆ ಬಿಟ್ಟು, ಮಂಡ್ಯದ ಒಬ್ಬ ಸಾಬರ ಹತ್ತಿರ ಕಾರಿಗೆ ಬಣ್ಣ ಹೊಡೆಯುವುದನ್ನು ಕಲಿತು ಬಂದವನು. ಆ ಉಸ್ತಾದರು ಒಂದು ಆಯುಧಪೂಜೆಯ ದಿನ ತಮ್ಮ ಸ್ಪ್ರೇ ಗನ್ನನ್ನು ಇವನ ಕೈಗೆ ಕೊಟ್ಟಿದ್ದರು. ಅಲ್ಲಿಂದ ಈ ಶೆಡ್ಡಿನಲ್ಲೂ ಅದೇ ಪದ್ಧತಿ. ಆಯುಧಪೂಜೆಗೆ ಗನ್ನನ್ನು ಮಣೆಯ ಮೇಲಿಟ್ಟು ಕುಂಕುಮ, ಸೇವಂತಿಗೆ ಏರಿಸುತ್ತಾರೆ. ಪೂಜೆ ಆದ ಮೇಲೆ ಅದು ಯಾರ ಕೈಗೆ ಹೋಗುತ್ತದೋ ಮುಂದಿನ ಪೂಜೆಯವರೆಗೆ ಕಾರುಗಳಿಗೆ ಬಣ್ಣ ಹೊಡೆಯುವುದು ಅವರದೇ ಹಕ್ಕು. ಇಷ್ಟು ವರ್ಷವೂ ಅದನ್ನು ಎತ್ತಿಕೊಂಡದ್ದು ಚಿಕ್ಕಸ್ವಾಮಿಯೇ. ಮಗ ಲೋಕೇಶ ಪುಟ್ಟಿ ಮೆತ್ತುವುದು, ಉಜ್ಜುವುದು, ಬಣ್ಣದ ಕೆಳಗಿನ ಪ್ರೈಮರ್ ಹೊಡೆಯುವುದು ಇಷ್ಟರಲ್ಲೇ ತಲೆಯ ಮುಂದಿನ ಕೂದಲು ಕಳೆದುಕೊಂಡಿದ್ದ. ಈ ವರ್ಷ ಅಪ್ಪನ ಬಲಭುಜ ಹಿಡಿದುಕೊಂಡು ತೋಳು ಮೇಲೇಳದಂತಾಯಿತು. ಅಪ್ಪನ ನೋವಿಗೆ ಸಂಕಟಪಡುತ್ತಲೇ, ಈ ಸಲ ಗನ್ನು ತನಗೇ ಅಂತ ಲೋಕೇಶ ಒಳಗೊಳಗೇ ಖುಷಿಯಾಗಿದ್ದ.

ಆ ಹೊತ್ತಿಗೆ ಶ್ರೀರಂಗಪಟ್ಟಣದ ಸುಬ್ಬಣ್ಣ ಮೇಷ್ಟ್ರು ತಮ್ಮ ಹಳೆಯ ಫಿಯೆಟ್ ಕಾರನ್ನು ಅಷ್ಟು ದೂರದಿಂದ ತಂದು ನಿಲ್ಲಿಸಿದರು.

"ಪಾಂಡವಪುರದಲ್ಲಿ ಒಬ್ಬನಿಗೆ ಕೊಟ್ಟಿದ್ದೆ ಕಣಪ್ಪ. ಮೆಷಿನ್ ಹಿಡಿದು ಬರ್ರ್ ಅನ್ನಿಸಿ ಬಾಗಿಲನ್ನೆಲ್ಲ ಹಪ್ಪಳ ಮಾಡಿಬಿಟ್ಟ. ನೀವು ಕೈಯಲ್ಲೇ ಉಜ್ಜುತ್ತೀರಂತೆ. ಅವಸರ ಏನಿಲ್ಲ, ಕಾರ್ತೀಕ ಕಳೆಯೋದರೊಳಗೆ ಕೊಡಿ," ಎಂದರು.

ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದ ಮೇಲೆ ಕಾರು ಬೆತ್ತಲೆ ನಿಂತಿತು. ಬೆತ್ತಲೆ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು ಎನ್ನುವುದು ಆ ಶೆಡ್ಡಿನ ಮೊದಲ ಕಟ್ಟಳೆ. ತಗ್ಗು ಉಬ್ಬು ನೋಡಬೇಕೆಂದರೆ ಅಂಗೈ ಕೆಳಗೆ ತೆಳ್ಳನೆಯ ಮಲ್ಲಿನ ಬಟ್ಟೆ ಇಟ್ಟುಕೊಂಡು ಸವರಬೇಕು. ಬಟ್ಟೆ ಮೇಲಾದರೆ ಕೈ ಸಲೀಸಾಗಿ ಜಾರುತ್ತದೆ, ಕೂದಲೆಳೆಯಷ್ಟು ತಗ್ಗಿದ್ದರೂ ತಿಳಿಯುತ್ತದೆ, ಬೆವರೂ ತಾಗುವುದಿಲ್ಲ.

"ಬೆವ್ರಲ್ಲಿ ಉಪ್ಪೈತೆ ಕಣ್ಲಾ," ಎನ್ನುತ್ತಿದ್ದ ಚಿಕ್ಕಸ್ವಾಮಿ. "ಇವತ್ತು ಕಾಣಾಕಿಲ್ಲ. ಪ್ರೈಮರ್ ಕೆಳ್ಗೆ ಸುಮ್ಕೆ ಕುಂತಿದ್ದು, ಆಮ್ಯಾಕೆ ತುಕ್ಕಾಗಿ ಎದ್ದು ಬತ್ತದೆ."

ಕೆಲಸಕ್ಕಿದ್ದ ಆಳು ಮೈಸೂರಿನ ಶೋರೂಮಿಗೆ ಸೇರಿಕೊಂಡು ಹೊರಟುಹೋಗಿದ್ದ. ಒಂದು ಬೆಳಿಗ್ಗೆ ಲೋಕೇಶ ಬಣ್ಣಕ್ಕೆ ಬೆರೆಸುವ ಥಿನ್ನರ್ ತರಲು ಹೋಗಿದ್ದಾಗ ಅವನ ಹೆಂಡತಿ ಪ್ರಮೀಳಾ ಕಾಫಿ ತಂದಳು. ಮಾವ ಎಡಗೈಯಲ್ಲಿ ಬಾಗಿಲನ್ನು ಉಜ್ಜುತ್ತಾ ಹಲ್ಲು ಕಚ್ಚಿಕೊಂಡಿದ್ದ. ಅವಳಿಗೆ ನೋಡಲಾಗಲಿಲ್ಲ. ಲೋಟ ಕೆಳಗಿಟ್ಟು, ಎಮರಿ ಪೇಪರ್ ಸುತ್ತಿದ್ದ ಮರದ ತುಂಡನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕೊಡಿ ಮಾವ ಇಲ್ಲಿ."

"ಬೆರ್ಳಲ್ಲಿ ಒತ್ಬ್ಯಾಡ ಕಣವ್ವ, ಗೀರು ಬೀಳ್ತದೆ. ತುಂಡು ತಾನೇ ಓಗ್ಲಿ. ಓರೆಗೆ ಒಂದ್ಸಲ, ಈ ಕಡಿಂದ ಓರೆಗೆ ಇನ್ನೊಂದ್ಸಲ."

"ಇಂಗಾ?"

"ಊಂ, ಅಂಗೇ. ಅಯ್, ಯಾರ್ ಕಲಿಸಿದ್ರವ್ವ ನಿಂಗೆ?"

"ಯಾರ್ ಕಲಿಸ್ತಾರೆ ಮಾವ? ನಮ್ಮೂರಲ್ಲಿ ಕಣ ಸಾರಿಸ್ತಿದ್ನಲ್ಲ. ವಸಿ ತಗ್ಗಿದ್ರೂ ರಾಗಿ ಅಲ್ಲೇ ಕುಂತ್ಕಳೋದು. ನಮ್ಮವ್ವ ಬೋ ಬಯ್ಯೋರು."

ಹೇಮಗಿರಿ ಹತ್ತಿರದ ಹಳ್ಳಿ ಅವಳ ತವರು. ಸಗಣಿಯಲ್ಲಿ ಕಣ ಸಾರಿಸಿದ ಕೈಗೆ ತಗಡಿನ ತಗ್ಗು ಯಾವ ಮಹಾ! ಮಾರನೆಯ ದಿನದಿಂದ ಪ್ರಮೀಳಾ ಅಡಿಗೆ ಮುಗಿಸಿ, ಹಳೆಯ ನೈಟಿಯ ಮೇಲೆ ಗಂಡನ ಶರ್ಟು ತೊಟ್ಟು ಶೆಡ್ಡಿಗೆ ಬರತೊಡಗಿದಳು. ಮಟ್ಟಸ ಜಾಗಕ್ಕೆ ಮರದ ತುಂಡು, ತಿರುವು ಇರುವ ಕಡೆಗೆ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ತುಂಡು ಎಂದು ಮಾವ ಹೇಳಿಕೊಟ್ಟ. ಹಳೆಯ ತಗಡಿನ ಮೇಲೆ, ಪ್ರೈಮರಿಗೆಂದೇ ಇದ್ದ ಇನ್ನೊಂದು ಗನ್ನು ಹಿಡಿದು ಹೊಡೆಯುವುದನ್ನೂ ಕಲಿಸಿದ.

ಮೊದಲು ಲೋಕೇಶ ನಕ್ಕ. "ಏನಮ್ಮಾ ಪೇಂಟರಮ್ಮಾ," ಅಂತ ಛೇಡಿಸಿದ. ಅರ್ಧ ಕೆಲಸ ತಪ್ಪಿತಲ್ಲ ಅಂತ ಬೀಡಿ ಹಚ್ಚಿಕೊಂಡು ಆರಾಮವಾಗಿ ಕುಳಿತ. ಆ ನಗು ಹೋದದ್ದು ಬಾಗಿಲುಗಳ ದಿನ.

ಎಡಗಡೆಯ ಬಾಗಿಲು ಲೋಕೇಶನದು, ಬಲಗಡೆಯದು ಪ್ರಮೀಳಾಳದು. ಎರಡಕ್ಕೂ ಬೂದಿ ಬಣ್ಣದ ಪ್ರೈಮರ್ ಹೊಡೆದು ಒಣಗಿಸಿ, ಮೇಲೆ ಚಿಕ್ಕಸ್ವಾಮಿ ಕರಿಬಣ್ಣವನ್ನು ಮಂಜಿನ ಹಾಗೆ ಸೋಕಿಸಿದ. ಇದಕ್ಕೆ ಆ ಶೆಡ್ಡಿನಲ್ಲಿ ಕಾಡಿಗೆ ಎನ್ನುತ್ತಾರೆ. ತುಂಡು ಹಿಡಿದು ಉಜ್ಜಿದರೆ ಮಟ್ಟವಾಗಿರುವ ಕಡೆ ಕಾಡಿಗೆ ಹೋಗಿಬಿಡುತ್ತದೆ. ತಗ್ಗಿರುವ ಕಡೆ ಉಳಿದುಕೊಂಡು ಉಜ್ಜಿದವನ ಬಂಡವಾಳ ಬಯಲು ಮಾಡುತ್ತದೆ. ಸಂಜೆಗೆ ಬಲಗಡೆಯ ಬಾಗಿಲು ತೊಳೆದ ತಟ್ಟೆಯಂತಿತ್ತು. ಎಡಗಡೆಯದರಲ್ಲಿ ಹಿಡಿಕೆಯ ಕೆಳಗೆ ಅಂಗೈ ಅಗಲದ ಕರಿ ಮಚ್ಚೆ.

"ಬಾರ್ಲಾ ಇಲ್ಲಿ. ನೋಡ್ಲಾ ನಿನ್ನೆಂಡ್ರು ಕೆಲ್ಸವ."

"ಅವ್ಳಿಗೆ ನೆಟ್ಗಿರೋ ಬಾಗ್ಲು ಕೊಟ್ಟಿದ್ದೀಯ ಕಣಪ್ಪ," ಎಂದ ಲೋಕೇಶ.

"ನೆಟ್ಗಿತ್ತಾ? ಲಾರಿಗೆ ಗುದ್ದಿದ್ ಬಾಗ್ಲು ಕಣ್ಲಾ ಅದು."

ಪ್ರಮೀಳಾ ತಲೆ ತಗ್ಗಿಸಿಕೊಂಡು ಪೇಪರ್ ತೊಳೆಯುತ್ತಿದ್ದಳು. ನಗು ತಡೆಯಲು ಅವಳು ತುಟಿ ಕಚ್ಚಿಕೊಂಡದ್ದು ಲೋಕೇಶನ ಕಣ್ಣಿಗೆ ಬಿತ್ತು. ತನ್ನ ಉಜ್ಜುವ ತುಂಡನ್ನು ಮೂಲೆಗೆ ಎಸೆದ.

ಊಟಕ್ಕೆ ಕುಳಿತಾಗಲೂ ಅಪ್ಪನದು ಅದೇ ಪುರಾಣ. ಹುರುಳಿಕಾಳು ಸಾರು, ಮುದ್ದೆ, ಮಧ್ಯೆ ಸೊಸೆಯ ಹೊಗಳಿಕೆ.

"ಕಣ್ಮುಚ್ಕಂಡು ಬಟ್ಟೆ ಮ್ಯಾಲೆ ಕೈಯಾಡ್ಸಿ ಇಲ್ಲೈತೆ ತಗ್ಗು ಅಂದ್ಬುಡ್ತಾಳೆ ಕಣೆ. ನಮ್ ಉಸ್ತಾದ್ರದ್ದು ಇಂಗೇ ಇತ್ತು ಕೈ."

ಅತ್ತೆ ಸಿದ್ದಲಿಂಗಮ್ಮ ಸಾರಿನ ಸೌಟನ್ನು ಪಾತ್ರೆಗೆ ಠಣ್ ಅನ್ನಿಸಿದಳು. "ಆ ಕೈಲೇ ವಸಿ ಪಾತ್ರೆನೂ ಉಜ್ಜಿದ್ರೆ ಆಗಿತ್ತು."

"ಉಜ್ಜಿ ಬೋರಲಾಕೇ ಓಗಿದ್ನಲ್ಲತ್ತೆ."

"ಒಲೆ ಮುಂದ್ಲು ಕೆಲ್ಸ ಯಾರಪ್ಪಂದು? ಮುದ್ದೆ ತಿರುವಿ ತಿರುವಿ ನನ್ ರಟ್ಟೆ ಬಿದ್ದೋಯ್ತು. ಅದನ್ಯಾರೂ ಒಗಳಾಕಿಲ್ಲ."

"ಯಾಕೆ ಇಂಗಾಡೀಯೆ?" ಎಂದ ಚಿಕ್ಕಸ್ವಾಮಿ.

ಅಷ್ಟೇ ಸಾಕಾಯಿತು. ಸಿದ್ದಲಿಂಗಮ್ಮ ಗಂಡನ ಕಡೆ ತಿರುಗಿ ಕುಳಿತಳು. "ಈ ಮನೇಗೆ ಬಂದಾಗಿಂದ ಆ ಸೆಡ್ಡಿಗೆ ಕಾಪಿ ಒಯ್ದೊಯ್ದು ನನ್ ಕಾಲು ಸವೆದೋದೊ. ಒಂದಿನ ಕುಂತ್ಕೊ ಬಾ ಅಂದಿದ್ದೀಯಾ? ಈಗ ಸೊಸೆ ಜೊತೆ ಎರಡೊತ್ತೂ ಕಾಪಿ, ನಗಾಡಾದು!"

"ಥಿನ್ನರ್ ವಾಸ್ನೆ ನಿಂಗಾಗಾಕಿಲ್ಲ ಅಂತ..."

"ಅವ್ಳ ಮೂಗೇನು ಕಬ್ಣದ್ದಾ?"

ಹತ್ತನೆಯ ಕ್ಲಾಸಿನಲ್ಲಿದ್ದ ಲೋಕೇಶನ ಮಗಳು ಮೇಘನ ಕಿಸಕ್ಕೆಂದು ನಕ್ಕಳು. "ಅಜ್ಜಿ, ನಾನು ಸ್ಕೂಲಲ್ಲಿ ಎಲ್ರಿಗೂ ಹೇಳ್ಬಿಟ್ಟೆ, ನಮ್ಮಮ್ಮ ಕಾರಿಗೆ ಪೇಂಟ್ ಮಾಡ್ತಾರೆ ಅಂತ."

"ಅಪ್ಪ ಏನ್ ಮಾಡ್ತಾನೆ ಅಂದೆ?" ಲೋಕೇಶ ಕೇಳಿದ.

"ಅಪ್ಪನೂ ಅಲ್ಲೇ ಇರ್ತಾರೆ ಅಂದೆ."

ಲೋಕೇಶ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ.

ಅಲ್ಲಿಂದ ಅವನ ಸಣ್ಣತನ ಶುರುವಾಯಿತು. ಹೆಂಡತಿ ಬಡಿಸಿದ ಸಾರಿಗೆ ಉಪ್ಪು ಹೆಚ್ಚು, ಅವ್ವ ಬಡಿಸಿದ ಅದೇ ಸಾರು ಸರಿ. ಹೊಸ ಪೇಪರನ್ನೆಲ್ಲ ತನ್ನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಅವಳಿಗೆ ಸವೆದ ಪೇಪರ್ ಕೊಟ್ಟ. ಅವಳು ಅದರಲ್ಲೇ ಉಜ್ಜಿದಳು, ಮತ್ತೂ ನುಣುಪಾಯಿತು. ಹೋಗಲಿ ಜಗಳಕ್ಕಾದರೂ ಬರುತ್ತಾಳಾ? ಅದೂ ಇಲ್ಲ. ಅದಕ್ಕೂ ಅವನಿಗೆ ಉರಿ.

ಮಹಾಲಯದ ಮುಂಚೆ ಒಂದು ದಿನ ಸುಬ್ಬಣ್ಣ ಮೇಷ್ಟ್ರು ಕಾರು ನೋಡಲು ಬಂದರು. ಬಲಗಡೆಯ ಬಾಗಿಲಿನ ಪ್ರೈಮರ್ ಮೇಲೆ ಬೆರಳಾಡಿಸಿ, "ಇದನ್ನು ಯಾರಪ್ಪ ಉಜ್ಜಿದ್ದು?" ಎಂದರು.

"ನಮ್ಮ ಸೊಸೆ ಸಾರ್."

"ಭೇಷ್. ಬಾನೆಟ್ಟನ್ನೂ ಇವರ ಕೈಯಲ್ಲೇ ಮಾಡಿಸಿಬಿಡಿ."

ಚಿಕ್ಕಸ್ವಾಮಿಗೆ ಇನ್ನೇನು ಬೇಕು! "ಮಾಡಿಸ್ತೀನಿ ಸಾರ್. ಬೆತ್ತಲೆ ತಗಡು ಉಜ್ಜಾದ್ರಿಂದ ಇಡಿದು ಪ್ರೈಮರ್ ಒಡಿಯೋಗಂಟ ಎಲ್ಲಾ ಅವ್ಳೇ ಮಾಡ್ಲಿ. ನೆಟ್ಗೆ ಬಂತು ಅನ್ನಿ, ಆಯುಧಪೂಜೇಲಿ ಗನ್ನು ಯಾರ್ ಕೈಗೆ ಅಂತ ಆಗ ನೋಡವ," ಎಂದುಬಿಟ್ಟ.

ಹೊರಗಿನವರ ಮುಂದೆ, ಹೆಂಡತಿಯ ಮುಂದೆ! ಲೋಕೇಶ ಥಿನ್ನರ್ ಡಬ್ಬದ ಮುಚ್ಚಳವನ್ನು ತಿರುಗಿಸುತ್ತಲೇ ನಿಂತಿದ್ದ. ಅದು ಯಾವಾಗಲೋ ಬಿಗಿಯಾಗಿತ್ತು.

ಬಾನೆಟ್ಟಿನ ತಗಡನ್ನು ಪ್ರಮೀಳಾ ಎರಡು ದಿನ ಉಜ್ಜಿದಳು. ಪ್ರೈಮರ್ ಕಚ್ಚಿಕೊಳ್ಳಲೆಂದು ಮೊದಲು ಒರಟು ಪೇಪರ್, ಆಮೇಲೆ ಅದಕ್ಕಿಂತ ನಯವಾದದ್ದು. ಮಧ್ಯಾಹ್ನ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಊಟ ಬಡಿಸಲು ಮನೆಯೊಳಗೆ ಹೋದಳು. ಊಟವಾದ ಮೇಲೆ ಪ್ರೈಮರ್.

ಶೆಡ್ಡಿನಲ್ಲಿ ಲೋಕೇಶ ಒಬ್ಬನೇ ಉಳಿದ. ಬಾನೆಟ್ಟಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ನೋಡಿದ, ಕುಕ್ಕರುಗಾಲಲ್ಲಿ ಕುಳಿತು ಬೆಳಕಿಗೆ ಹಿಡಿದು ನೋಡಿದ. ಎಲ್ಲೋ ಒಂದು ತಗ್ಗು ಇರಲೇಬೇಕು. ಒಂದೇ ಒಂದು ಸಿಕ್ಕರೆ ಸಾಕು, ಅಪ್ಪನನ್ನು ಕೂಗಿ ಕರೆದು ತೋರಿಸಿಬಿಡುತ್ತೇನೆ ಅಂತ ಅಂಗೈ ಇಟ್ಟ. ಮಲ್ಲಿನ ಬಟ್ಟೆ ಎದುರಿಗೇ ಮೊಳೆಗೆ ನೇತಾಡುತ್ತಿತ್ತು, ಹೊಟ್ಟೆಕಿಚ್ಚಿಗೆ ಅದು ಎಲ್ಲಿ ಕಾಣಬೇಕು? ಮೂತಿಯ ಕಡೆಯಿಂದ ಗಾಜಿನ ಕಡೆಗೆ ಸವರಿದ. ಪಕ್ಕಕ್ಕೆ ಸರಿದು ಮತ್ತೆ ಸವರಿದ. ಕಣ್ಣು ಮುಚ್ಚಿಕೊಂಡು ಮೂಲೆಮೂಲೆಗೂ ಕೈಯಾಡಿಸಿದ. ಮೋಡ ಕವಿದ ಸೆಖೆಗೆ ಅಂಗೈ ಬೆವೆತು ತಗಡಿಗೆ ಅಂಟುತ್ತಿತ್ತು. ತಗ್ಗು ಸಿಗಲಿಲ್ಲ.

"ಊಟಕ್ ಬನ್ನಿ," ಪ್ರಮೀಳಾ ಒಳಗಿನಿಂದ ಕೂಗಿದಳು.

ಬೆವರಿನ ಮಾತು ಅವನಿಗೆ ನೆನಪಾದದ್ದು ಮುದ್ದೆ ಮುರಿಯುವಾಗ. ಇನ್ನೊಂದ್ಸಲ ಥಿನ್ನರ್ ಒರೆಸ್ಕಳೆ, ಅಂದಿದ್ದರೆ ಮುಗಿದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

ಅಷ್ಟರಲ್ಲಿ ಅಪ್ಪ, "ಇವತ್ತು ನನ್ ಸೊಸೆ ಗನ್ ಇಡೀತಾಳೆ. ಪಾಯ್ಸ ಗೀಯ್ಸ ಇಲ್ವೇನೆ ಮನೇಲಿ?" ಎಂದ.

ಲೋಕೇಶ ಮುದ್ದೆಯ ಜೊತೆಗೆ ಮಾತನ್ನೂ ನುಂಗಿಕೊಂಡ.

ಪ್ರೈಮರ್ ಚೆನ್ನಾಗಿಯೇ ಕೂತಿತು. ಆಮೇಲೆ ಜಡಿಮಳೆ ಹಿಡಿದುಕೊಂಡಿತು. ಶೆಡ್ಡಿನ ಶೀಟು ಕೂಡ ಬೆವರುವಂಥ ತಂಡಿ. ಕಾಡಿಗೆ ಹಾಕಿ, ನೀರು ಸುರಿದುಕೊಂಡು ಪ್ರಮೀಳಾ ಬಾನೆಟ್ಟನ್ನು ಉಜ್ಜಿ ಮುಗಿಸಿದಳು. ಹಬ್ಬಕ್ಕೆ ಇನ್ನು ಕೆಲವೇ ದಿನ ಇರುವಾಗ ಒಂದು ಬೆಳಿಗ್ಗೆ ಚಿಕ್ಕಸ್ವಾಮಿಯ ಕೂಗು ಕೇಳಿ ಮನೆಯವರೆಲ್ಲ ಓಡಿಬಂದರು. ಬಾನೆಟ್ಟಿನ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಒಂದನ್ನು ಉಗುರಿನಿಂದ ಕಿತ್ತರೆ ಒಳಗೆ ಕೆಂಚಗೆ ತುಕ್ಕು.

"ಪ್ರೈಮರ್ ಒಡಿಯೋಕ್ ಮುಂಚೆ ಒರೆಸಿದ್ಯಾ ಇಲ್ವಾ?"

"ಒರೆಸಿದ್ದೆ ಮಾವ."

"ಒರೆಸಿದ್ರೆ ತುಕ್ಕು ಆಕಾಸದಿಂದ ಬತ್ತದಾ?"

"ದೇವ್ರಾಣೆ ಒರೆಸಿದ್ದೆ. ಎರಡ್ಸಲ."

ಲೋಕೇಶ ನಿಧಾನವಾಗಿ, ಭಾರಿ ದೊಡ್ಡ ಮನಸ್ಸಿನವನಂತೆ ಹೇಳಿದ: "ಬುಡಪ್ಪ. ಊಟಕ್ಕಿಕ್ಕೋ ಅವಸ್ರದಲ್ಲಿ ಮರ್ತಿರ್ತಾಳೆ. ಎಂಗಸ್ರು, ಎಷ್ಟು ಅಂತ ಗ್ಯಾಪ್ಕ ಮಡಿಕ್ಕತಾರೆ."

ಪ್ರಮೀಳಾ ಗಂಡನ ಮುಖ ನೋಡಿದಳು. ಅವನು ಬಾನೆಟ್ಟು ನೋಡಿದ.

"ಮೇಷ್ಟ್ರಿಗೆ ಏನಂತ ಏಳ್ಲಿ? ನನ್ ಮರ್ವಾದೆ ತೆಗುದ್ಬುಟ್ಟಲ್ಲವ್ವ," ಎಂದ ಚಿಕ್ಕಸ್ವಾಮಿ. ಎಷ್ಟು ಹೊಗಳಿದ್ದನೋ ಅಷ್ಟೂ ಬೈದ. ಒರೆಸದೇ ಒರೆಸಿದೆ ಅಂತೀಯ ಅಂತ ಸುಳ್ಳುಗಾತಿ ಪಟ್ಟವನ್ನೂ ಕಟ್ಟಿದ. ಪ್ರಮೀಳಾ ಗಂಡನ ಶರ್ಟನ್ನು ಬಿಚ್ಚಿ ಮಡಿಸಿ, ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಮೇಲಿಟ್ಟು ಒಳಗೆ ಹೋದಳು. ಮತ್ತೆ ಶೆಡ್ಡಿನೊಳಕ್ಕೆ ಕಾಲಿಡಲಿಲ್ಲ. ಕಾಫಿಯನ್ನು ಬಾಗಿಲ ಕಲ್ಲಿನ ಮೇಲಿಟ್ಟು ತಿರುಗಿ ಹೋಗುತ್ತಿದ್ದಳು.

ಒಲೆಯ ಮುಂದೆ ಸೊಸೆ ವಾಪಸು ಬಂದಳಲ್ಲ ಅಂತ ಸಿದ್ದಲಿಂಗಮ್ಮನಿಗೆ ಒಂದು ದಿನ ಹಿಗ್ಗಾಯಿತು. ಎರಡನೆಯ ದಿನಕ್ಕೆ ಬೇಜಾರು ಹಿಡಿಯಿತು. ಕೇಳಿದ್ದಕ್ಕೆ ಊಂ, ಉಹೂಂ ಬಿಟ್ಟರೆ ಪ್ರಮೀಳಾ ಬಾಯಿ ಬಿಡುತ್ತಿರಲಿಲ್ಲ.

"ಅವ್ಳು ಬಾಯಾಡ್ದಿದ್ರೆ ಮನೆ ಎಂಗೆ ಬಣಗುಟ್ತದೆ ಕಣ್ಲಾ. ವಸಿ ಮಾತಾಡ್ಸ್ಲಾ ನಿನ್ನೆಂಡ್ರ," ಎಂದಳು ಮಗನಿಗೆ.

"ಅವ್ಳೇ ಸರೋಯ್ತಾಳೆ ಬುಡವ್ವ."

ಆಯುಧಪೂಜೆ ಬಂತು. ಕಂಪ್ರೆಸರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದಾಯಿತು. ಚಿಕ್ಕಸ್ವಾಮಿ ಮಣೆಯ ಮೇಲಿನ ಗನ್ನನ್ನು ಎಡಗೈಯಲ್ಲಿ ಎತ್ತಿ, "ತಗ," ಎಂದು ಮಗನ ಕೈಗಿಟ್ಟ. ಮುಖವನ್ನೂ ನೋಡಲಿಲ್ಲ. ಇಷ್ಟು ವರ್ಷ ಕಾದ ವಸ್ತು ಕೈಗೆ ಬಂದರೆ ಹೀಗಾ ಇರುತ್ತದೆ ಅಂತ ಲೋಕೇಶನಿಗೆ ಅಳು ಬರುವ ಹಾಗಾಯಿತು.

ಹಬ್ಬ ಕಳೆದ ಮೇಲೆ ಅವನ ಮೊದಲ ಕೆಲಸ ಆ ಬಾನೆಟ್ಟೇ. ಪ್ರೈಮರನ್ನೆಲ್ಲ ಕೆರೆದು ಮತ್ತೆ ತಗಡಿಗೆ ಹೋಗಬೇಕು. ಚೂರುಚೂರಾಗಿ ಕೆರೆದುಕೊಂಡು ಬಂದ. ಕೆಳಗೆ ತುಕ್ಕು ಕಾಣಿಸಿತು. ಒರೆಸದೆ ಬಿಟ್ಟಿದ್ದರೆ ಎಲ್ಲೆಂದರಲ್ಲಿ ಇರಬೇಕಿತ್ತಲ್ಲ. ಇದು ಹಾಗಿರಲಿಲ್ಲ. ಮೂತಿಯಿಂದ ಗಾಜಿನ ಕಡೆಗೆ ಉದ್ದನೆಯ ಪಟ್ಟೆ, ಅದರ ಪಕ್ಕಕ್ಕೆ ಇನ್ನೊಂದು, ಅದರಾಚೆ ಇನ್ನೊಂದು. ಪ್ರತಿ ಪಟ್ಟೆಯಲ್ಲೂ ನಾಲ್ಕು ಬೆರಳಿನ ಗೆರೆ. ಗಾಜಿನ ಹತ್ತಿರ, ಅವನು ಕಣ್ಣು ಮುಚ್ಚಿಕೊಂಡು ನಿಂತಿದ್ದ ಜಾಗದಲ್ಲಿ, ಬುಡದಿಂದ ಬೆರಳ ತುದಿಯವರೆಗೆ ಒಂದು ಇಡೀ ಅಂಗೈ ಕೆಂಚಗೆ ಮೂಡಿತ್ತು.

ಅದು ಅವನದೇ ಕೈ. ಒರಟು ಪೇಪರ್ ಕಿತ್ತುಕೊಂಡು ಗಸಗಸ ಉಜ್ಜತೊಡಗಿದ. ಹಿಂದೆ ಬಾಗಿಲ ಕಲ್ಲಿನ ಮೇಲೆ ಲೋಟ ಇಟ್ಟ ಸದ್ದು ಅವನಿಗೆ ಕೇಳಿಸಲೇ ಇಲ್ಲ. ಪ್ರಮೀಳಾ ಒಂದು ಸಲ, ಎರಡು ಸಲ ಕೆಮ್ಮಿದಳು. ಆಮೇಲೆ ಒಳಕ್ಕೇ ಬಂದಳು.

ಬಾನೆಟ್ಟು ನೋಡಿದಳು. ತನ್ನ ಅಂಗೈಯನ್ನು ಆ ಗುರುತಿನ ಮೇಲೆ, ತಗಡಿಗೆ ತಾಗದಂತೆ ಹಿಡಿದಳು. ಗುರುತು ಅವಳ ಕೈಗಿಂತ ದೊಡ್ಡದಿತ್ತು.

"ಯಾವಾಗ?"

ಲೋಕೇಶ ಉಜ್ಜುವುದನ್ನು ನಿಲ್ಲಿಸಿದ. "ನೀನು ಊಟಕ್ಕಿಕ್ಕಕ್ಕೆ ಓಗಿದ್ದಾಗ."

"ಯಾಕೆ?"

"ತಗ್ಗೈತಾ ಅಂತ."

"ಸಿಕ್ತಾ?"

"ಇಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು, ದನಿ ಮಾತ್ರ ಗಟ್ಟಿಯಾಗಿತ್ತು. "ದೇವ್ರಾಣೆ ಇಕ್ಕಿದ್ನಲ್ಲ, ಆಗ ಎದುರ್ಗೇ ನಿಂತಿದ್ರಿ. ಮಾವನ್ನ ನಾನ್ ಕರೀಲಾ, ನೀವೇ ಕರೀತೀರಾ?"

ಲೋಕೇಶ ಕರೆದ. ಚಿಕ್ಕಸ್ವಾಮಿ ಟವಲ್ಲು ಹೆಗಲಿಗೆ ಹಾಕಿಕೊಂಡು ಬಂದ. ಹಿಂದೆಯೇ ಸಿದ್ದಲಿಂಗಮ್ಮನೂ ಬಂದು ಬಾಗಿಲಲ್ಲಿ ನಿಂತಳು.

"ಅವ್ಳು ಒರೆಸಿದ್ಲು ಕಣಪ್ಪ. ಆಮೇಲೆ ನಾನು ಬರಿಗೈಯಲ್ಲಿ ಮುಟ್ದೆ. ಮುಟ್ಟಿ ಏಳ್ನಿಲ್ಲ."

ಕಪಾಳಕ್ಕೆ ಬೀಳುತ್ತದೆ ಅಂತ ಲೋಕೇಶ ಕಾದ. ಮೀಸೆ ಬಂದ ಮೇಲೂ ಅಪ್ಪನ ಕೈಯಲ್ಲಿ ತಿಂದವನೇ ಅವನು, ಬೀಳಲಿ ಅಂತಲೇ ನಿಂತ. ಚಿಕ್ಕಸ್ವಾಮಿ ಬಾನೆಟ್ಟಿನ ಮೇಲೆ ಬಗ್ಗಿ, ಒಂದೊಂದು ಪಟ್ಟೆಯನ್ನೂ ಕಣ್ಣಿನಲ್ಲೇ ಹಿಂಬಾಲಿಸಿದ.

"ಇಲ್ಲೂ ಸವರಿದ್ಯಾ?"

"ಊಂ."

"ಈ ಮೂಲೆಗೂವೆ?"

"ಊಂ."

"ಇಷ್ಟ್ ಉಡುಕಿದ್ರೂ ಒಂದೂ ಸಿಗ್ನಿಲ್ವಾ?"

"ಇಲ್ಲ ಅಂದ್ನಲ್ಲಪ್ಪ!"

ಚಿಕ್ಕಸ್ವಾಮಿಯ ಮುಖ ಅರಳಿತು. ಸಿಟ್ಟು ಮಾಡಬೇಕೆಂಬುದೇ ಅವನಿಗೆ ಮರೆತುಹೋಗಿತ್ತು. ಸೊಸೆಯ ಕಡೆ ತಿರುಗಿದಾಗ ನೆನಪಾಗಿ, ಹೆಗಲ ಮೇಲಿನ ಟವಲ್ಲನ್ನು ಕೈಗೆ ತೆಗೆದುಕೊಂಡ. "ಸುಳ್ಳುಗಾತಿ ಅಂದ್ಬುಟ್ನಲ್ಲವ್ವ ನಿನ್ನ. ತೆಪ್ಪಾಯ್ತು ಕಣವ್ವ," ಎಂದ.

ಏಟು ಬಿದ್ದಿದ್ದರೆ ಲೋಕೇಶ ತಡೆದುಕೊಳ್ಳುತ್ತಿದ್ದ. ಅಪ್ಪನ ಆ ಅರಳಿದ ಮುಖ ನೋಡಿ, ತಪ್ಪೊಪ್ಪಿಕೊಂಡು ನಿಂತ ಆ ಗಳಿಗೆಯಲ್ಲೂ, ಅವನಿಗೆ ಮತ್ತೆ ಹೊಟ್ಟೆಕಿಚ್ಚೇ ಬಂತು. ಥೂ ನನ್ನ ಜನ್ಮಕ್ಕೆ ಅಂದುಕೊಂಡ. ಮೊಳೆಯಿಂದ ಗನ್ನನ್ನು ತೆಗೆದು ಹೆಂಡತಿಯ ಮುಂದೆ ಹಿಡಿದ.

"ತಗ. ನಿಂದೇ ಇದು."

ಪ್ರಮೀಳಾ ಕೈ ಚಾಚಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕಂಪ್ರೆಸರ್ ಮೇಲೆ ಅವತ್ತಿನಿಂದ ಹಾಗೇ ಬಿದ್ದಿದ್ದ ಶರ್ಟನ್ನು ಒದರಿ ಸೀರೆಯ ಮೇಲೆಯೇ ತೊಟ್ಟುಕೊಂಡಳು.

"ಗನ್ ಆಮ್ಯಾಕೆ. ಮ್ವದ್ಲು ನಿಮ್ ಕೈ ಗುರ್ತ ನೀವೇ ತೆಗೀರಿ. ಪೂರ್ತಿ ತೆಗ್ದು ತಗಡು ಬೆಳ್ಳಗ್ ಮಾಡಿ. ಪ್ರೈಮರ್ ನಾನೇ ಒಡೀತೀನಿ."

"ಸೊಸೆಗೆ ಒಂದ್ ಮಣೆ ಆಕ್ಲಾ ಅಲ್ಲಿ," ಎಂದಳು ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗಮ್ಮ. "ನಂಗೂ ಒಂದು."

ಪ್ರಮೀಳಾ ಮೊಳೆಗೆ ನೇತಾಡುತ್ತಿದ್ದ ಮಲ್ಲಿನ ಬಟ್ಟೆಯನ್ನು ಎಳೆದು ಗಂಡನ ಹೆಗಲ ಮೇಲೆ ಎಸೆದಳು.

"ಈ ಸಲ ತಗ್ಗು ಉಡುಕೋದಿದ್ರೆ ಬಟ್ಟೆ ಮಡೀಕಂಡು ಉಡುಕಿ."